ಮಾಸಿದ ಇಂಕು ಎಲ್ಲಿಗೆ ಹೋಯ್ತು?

ಹೋದ ವಾರ ಹಳೇ ಫೋನಿಂದ ಫೋಟೋಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕ್ಕೊಳ್ತಾ ಇದ್ದಾಗ ನನ್ನ ಕೈದೇ ಒಂದು ಫೋಟೋ ಸಿಕ್ತು. 2014ರದ್ದು. ಟ್ಯಾಟೂ ಹಾಕಿಸ್ಕೊಂಡು ಮೂರು ವಾರ ಆಗಿತ್ತು, ಹಕ್ಕಳೆ ಎಲ್ಲ ಉದುರಿ ಚರ್ಮ ಸರಿಹೋಗಿತ್ತು. ಬಲಗೈ ಮುಂಗೈ ಒಳಭಾಗದಲ್ಲಿ ಒಂದು ಗರಿ, ಪೂರ್ತಿ ಕಪ್ಪು, ಒಂದೊಂದು ಎಳೆಯೂ ಕೂದಲಷ್ಟು ಸಣ್ಣಗೆ ಬಿಡಿಬಿಡಿಯಾಗಿ ಕಾಣ್ತಾ ಇತ್ತು. ಆ ಫೋಟೋ ಪಕ್ಕ ಈಗಿನ ಕೈ ಇಟ್ಟು ನೋಡಿದೆ. ಎಳೆಗಳು ಒಂದಕ್ಕೊಂದು ಅಂಟ್ಕೊಂಡಿವೆ, ಕಪ್ಪು ಹೋಗಿ ಒಂಥರಾ ನೀಲಿ ಬೂದು ಬಣ್ಣ ಬಂದಿದೆ, ತುದಿಯಲ್ಲಿ ಎರಡು ಎಳೆ ಇದ್ವು ಅನ್ನೋದೇ ಗೊತ್ತಾಗಲ್ಲ.

ಎರಡನ್ನೂ ಸೇರಿಸಿ ತಂಗಿಗೆ ಕಳಿಸಿದೆ. ಅವಳು ಈ ವರ್ಷ ಭುಜದಿಂದ ಮೊಣಕೈವರೆಗೂ ಬಣ್ಣದ ಟ್ಯಾಟೂ ಹಾಕಿಸ್ಬೇಕು ಅಂತ ಓಡಾಡ್ತಾ ಇದ್ದಾಳೆ, ಡಿಸೈನ್ ಕೂಡ ರೆಡಿ. "ನೋಡು, ಹತ್ತು ವರ್ಷ ಆದ್ಮೇಲೆ ಹಿಂಗಾಗುತ್ತೆ" ಅಂತ ಬರೆದೆ ಅಷ್ಟೇ. ಅವಳಿಂದ ಬಂದ ಉತ್ತರ: "ಅಕ್ಕ, ಮಾಸಿದೆ ಸರಿ, ಆದ್ರೆ ಮಾಸಿದ್ದು ಹೋಗಿದ್ದಾದ್ರೂ ಎಲ್ಲಿಗೆ? ತೊಳೆದು ಹೋಗೋಕೆ ಅದೇನು ಮೇಲೆ ಬಳಿದಿದ್ದಾ?"

ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಇಷ್ಟು ವರ್ಷ ನಾನು ಅದರ ಬಗ್ಗೆ ಯೋಚನೇನೇ ಮಾಡಿಲ್ಲ, ಬಟ್ಟೆ ಬಣ್ಣ ಬಿಟ್ಟ ಹಾಗೆ ಬಿಟ್ಟಿರುತ್ತೆ ಅಂದ್ಕೊಂಡಿದ್ದೆ. ಆಮೇಲೆ ಕೂತು ಓದೋಕೆ ಶುರು ಮಾಡಿದೆ, ಒಂದು ವಾರ ರಾತ್ರಿ ಪೂರ್ತಿ ಅದೇ ಆಯ್ತು. ಓದಿದ್ದನ್ನ ಅವಳಿಗೆ ಹೇಳೋಕೆ ಅಂತ ಬರೀತಾ ಬರೀತಾ ಇಷ್ಟುದ್ದ ಆಯ್ತು, ಟ್ಯಾಟೂ ಇರೋ ಎಲ್ಲರಿಗೂ ಇರ್ಲಿ ಅಂತ ಇಲ್ಲೇ ಹಾಕ್ತಾ ಇದೀನಿ.

ಮೊದಲು ಇಂಕು ಕೂರೋ ಜಾಗ. ಚರ್ಮದ ಮೇಲಿನ ಪದರ ಸುಮಾರು ಒಂದು ತಿಂಗಳಿಗೆ ಹೊಸದಾಗ್ತಾ ಹೋಗುತ್ತೆ, ಅಲ್ಲಿ ಬಣ್ಣ ಹಾಕಿದ್ರೆ ಚರ್ಮದ ಜೊತೇಲೇ ಉದುರಿ ಹೋಗುತ್ತೆ. ಅದಕ್ಕೇ ಸೂಜಿ ಅದನ್ನ ದಾಟಿ ಕೆಳಗಿನ ಡರ್ಮಿಸ್ ಅನ್ನೋ ಪದರಕ್ಕೆ ಹೋಗ್ಬೇಕು, 1ರಿಂದ 2 ಮಿಲಿಮೀಟರ್ ಆಳ. ಅಲ್ಲಿ ರಕ್ತನಾಳ ಇದೆ, ನರ ಇದೆ, ಕೋಶಗಳ ನಡುವಿನ ನೀರು, ಕಸ ಸಾಗಿಸೋ ದುಗ್ಧರಸದ ನಾಳಗಳೂ ಇವೆ. ಅಂದ್ರೆ ನಾವು "ಚರ್ಮದ ಮೇಲೆ" ಅಂತ ಹೇಳೋದು ಚರ್ಮದ ಮೇಲೆ ಇರೋದೇ ಇಲ್ಲ, ದೇಹದ ಒಳಗಡೆ, ದೇಹದ ಚರಂಡಿ ವ್ಯವಸ್ಥೆಯ ಬಾಯಲ್ಲೇ ಇರೋದು.

ಅಷ್ಟೊಂದು ಬಣ್ಣದ ಕಣಗಳು ಒಳಗೆ ಬಂದ ತಕ್ಷಣ ದೇಹಕ್ಕೆ ಅದು ಗಾಯ, ಹೊರಗಿನ ವಸ್ತು ನುಗ್ಗಿದೆ ಅಂತ ಅರ್ಥ. ಮ್ಯಾಕ್ರೊಫೇಜ್ ಅನ್ನೋ ಕೋಶಗಳು ಓಡಿ ಬರ್ತವೆ, ಇವುಗಳ ಕೆಲಸವೇ ಸಿಕ್ಕಿದ ಕಸ, ಬ್ಯಾಕ್ಟೀರಿಯಾ, ಸತ್ತ ಕೋಶ ಎಲ್ಲ ನುಂಗಿ ಅರಗಿಸೋದು. ಇಂಕನ್ನೂ ನುಂಗ್ತವೆ. ಆದ್ರೆ ಅರಗಿಸೋಕೆ ಆಗಲ್ಲ, ಅದು ಹೊಗೆಮಸಿ, ಲೋಹದ ಆಕ್ಸೈಡು ಥರದ್ದು, ಅದನ್ನ ಕರಗಿಸೋ ರಸ ಆ ಕೋಶದ ಹತ್ರ ಇಲ್ಲ. ಹಂಗಾಗಿ ಹೊಟ್ಟೇಲಿ ಇಟ್ಕೊಂಡು ಅಲ್ಲೇ ಕೂತುಬಿಡುತ್ತೆ. ನನ್ನ ಗರಿ ಅಂತ ನಾನು ನೋಡ್ತಿರೋದು ಬಹುಪಾಲು ಇಂಥ ಹೊಟ್ಟೆ ತುಂಬಿದ ಕೋಶಗಳನ್ನ.

ಇಲ್ಲಿ ಒಂದು ವಿಷಯ ನನಗೆ ತುಂಬ ಹಿಡಿಸ್ತು. ಕೋಶ ಅಂದ್ಮೇಲೆ ಸಾಯ್ಬೇಕು ತಾನೇ, ಅದು ಸತ್ರೆ ಟ್ಯಾಟೂ ಯಾಕೆ ಹೋಗಲ್ಲ? 2018ರಲ್ಲಿ ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು ಇಲಿಗಳ ಬಾಲಕ್ಕೆ ಹಸಿರು ಟ್ಯಾಟೂ ಹಾಕಿ ಇದನ್ನೇ ನೋಡಿದ್ರು. ಇಂಕು ನುಂಗಿದ್ದ ಮ್ಯಾಕ್ರೊಫೇಜ್‌ಗಳನ್ನ ಬೇಕಂತಲೇ ಸಾಯಿಸಿದ್ರು, ಟ್ಯಾಟೂ ಮಾತ್ರ ಹಾಗೇ ಇತ್ತು. ಯಾಕಂದ್ರೆ ಸತ್ತ ಕೋಶ ಕಕ್ಕಿದ ಇಂಕನ್ನ ಪಕ್ಕದಲ್ಲಿ ಹೊಸದಾಗಿ ಬಂದ ಕೋಶ ನುಂಗ್ತು. ಟ್ಯಾಟೂ ಇರೋ ಚರ್ಮವನ್ನ ಒಂದು ಇಲಿಯಿಂದ ಇನ್ನೊಂದಕ್ಕೆ ಕಸಿ ಮಾಡಿ ಆರು ವಾರ ಬಿಟ್ಟು ನೋಡಿದ್ರೆ ಇಂಕು ಹಿಡ್ಕೊಂಡಿದ್ದ ಕೋಶಗಳಲ್ಲಿ ಹೆಚ್ಚಿನವು ಎರಡನೇ ಇಲಿಯದ್ದೇ ಆಗಿದ್ವು. ಹಂಗಂದ್ರೆ ನನ್ನ ಗರಿ ಒಂದು ಸಲ ಹಾಕಿ ಮುಗಿದ ಚಿತ್ರ ಅಲ್ಲ, ಈ ಹನ್ನೊಂದು ವರ್ಷದಲ್ಲಿ ಕೈಯಿಂದ ಕೈಗೆ ದಾಟ್ತಾ ಬಂದಿರೋದು. ಪ್ರತಿ ಸಲ ದಾಟುವಾಗ ಒಂಚೂರು ಆಚೀಚೆ ಆದ್ರೂ ಸಾಕು, ಎಳೆ ಎಳೆ ಸೇರ್ಕೊಳ್ಳುತ್ತೆ. ಒಂಚೂರು ಸೋರಿದ್ರೂ ಸಾಕು, ಬಣ್ಣ ತೆಳುವಾಗುತ್ತೆ.

ಸೋರಿದ್ದು ಎಲ್ಲಿಗೆ ಅನ್ನೋದೇ ತಂಗಿ ಕೇಳಿದ್ದು. ಹತ್ತಿರದ ದುಗ್ಧರಸ ಗ್ರಂಥಿಗೆ, ಡಾಕ್ಟರುಗಳ ಬಾಯಲ್ಲಿ ಲಿಂಫ್ ನೋಡ್. ಕಾಲಲ್ಲಿ ಗಾಯ ಆಗಿ ಕೀವು ಕಟ್ಟಿದಾಗ ತೊಡೆಸಂದಿಯಲ್ಲಿ ಗಡ್ಡೆ ಥರ ಊದ್ಕೊಂಡು ನೋಯುತ್ತಲ್ಲ, ಅದೇ. ಕೈಯಲ್ಲಿರೋ ಟ್ಯಾಟೂವಿನ ಇಂಕು ಕಂಕುಳಿಗೆ ಹೋಗುತ್ತೆ, ಕಾಲಿಂದು ತೊಡೆಸಂದಿಗೆ. ಇದೇನು ನಿನ್ನೆ ಮೊನ್ನೆ ಗೊತ್ತಾಗಿದ್ದಲ್ಲ, ಜರ್ಮನಿಯ ಡಾಕ್ಟರ್ ರುಡಾಲ್ಫ್ ವಿರ್ಕೋ 1858ರಲ್ಲೇ ತೋಳಿಗೆ ಟ್ಯಾಟೂ ಇದ್ದ ಒಬ್ಬ ಸೈನಿಕನ ಕಂಕುಳ ಗ್ರಂಥಿಯಲ್ಲಿ ಕೆಂಪು ಬಣ್ಣ ತುಂಬಿಕೊಂಡಿರೋದನ್ನ ಬರೆದಿದ್ರು. ನೂರೈವತ್ತು ವರ್ಷಕ್ಕಿಂತ ಹಿಂದೆ! ಟ್ಯಾಟೂ ಹಾಕಿಸ್ಕೊಳ್ಳೋ ಮುಂಚೆ ನನಗೆ ಇದನ್ನ ಯಾರಾದ್ರೂ ಒಂದು ಮಾತು ಹೇಳಿದ್ರೆ ಚೆನ್ನಾಗಿತ್ತು.

ಎಷ್ಟು ಹೋಗುತ್ತೆ ಅನ್ನೋದಕ್ಕೆ 2010ರ ಒಂದು ಪ್ರಯೋಗ ಇದೆ, ಇಲಿಗಳದ್ದೇ. ಕೆಂಪು ಬಣ್ಣ ಚುಚ್ಚಿ 42 ದಿನ ಆದ್ಮೇಲೆ ಅಳೆದಾಗ ಚರ್ಮದಲ್ಲಿ ಇದ್ದ ಬಣ್ಣ 32% ಕಮ್ಮಿ ಆಗಿತ್ತು. ಹತ್ತತ್ರ ಮೂರನೇ ಒಂದು ಭಾಗ, ಅದೂ ಮೊದಲ ಆರು ವಾರದಲ್ಲಿ. ಇಲಿ ಚರ್ಮ ಬೇರೆ ನಮ್ಮ ಚರ್ಮ ಬೇರೆ, ನಮ್ಮಲ್ಲೂ ಅಷ್ಟೇ ಅಂತ ಹೇಳೋಕಾಗಲ್ಲ, ಆದ್ರೂ ಆ ಅಂಕಿ ನೋಡಿದಾಗ ನಾನು ಸುಮಾರು ಹೊತ್ತು ಕೈ ನೋಡ್ಕೊಂಡು ಕೂತಿದ್ದೆ.

ಮನುಷ್ಯರಲ್ಲಿ ಇದನ್ನ ಕಣದ ಮಟ್ಟದಲ್ಲಿ ನೋಡಿದ್ದು 2017ರಲ್ಲಿ. ಜರ್ಮನಿಯ ವಿಜ್ಞಾನಿಗಳು ತೀರಿಕೊಂಡವರ ಚರ್ಮ ಮತ್ತೆ ಗ್ರಂಥಿಗಳ ಸ್ಯಾಂಪಲ್ ತಗೊಂಡು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರೋ ಸಿಂಕ್ರೊಟ್ರಾನ್ ಅನ್ನೋ ದೈತ್ಯ ಯಂತ್ರದ ಎಕ್ಸ್-ರೇ ಅಡಿಯಲ್ಲಿ ಇಟ್ಟರು. ಟ್ಯಾಟೂ ಇದ್ದ ನಾಲ್ಕೇ ಜನ, ಸಣ್ಣ ಅಧ್ಯಯನ, ಆದ್ರೆ ಸಿಕ್ಕಿದ್ದು ಸ್ಪಷ್ಟ. ಚರ್ಮದಲ್ಲಿ ದೊಡ್ಡದು ಚಿಕ್ಕದು ಎರಡೂ ಕಣ ಇದ್ವು, ಗ್ರಂಥಿಗೆ ತಲುಪಿದ್ದು ಹೆಚ್ಚಾಗಿ ನ್ಯಾನೊ ಅಳತೆಯ ಚಿಕ್ಕವು. ಒಂಥರಾ ಜರಡಿ ಹಿಡಿದ ಹಾಗೆ. ಚಿಕ್ಕ ಕಣ ಅಂದ್ರೆ ಒಳ್ಳೇದಲ್ವಾ ಅಂತ ತಂಗಿ ಕೇಳಿದ್ಲು, ಅಲ್ಲ ಕಣೇ, ಅಷ್ಟು ಚಿಕ್ಕದಾದ್ರೆ ದೊಡ್ಡ ಕಣ ಹೋಗೋಕಾಗದ ಕಡೆಗೂ ನುಗ್ಗುತ್ತೆ, ದೇಹದ ಜೊತೆ ಅದು ಬೇರೆ ಥರಾನೇ ನಡ್ಕೊಳ್ಳಬಹುದು, ತಲೆಬಿಸಿ ಇರೋದೇ ಅದಕ್ಕೆ. ಇಲಿಗಳಲ್ಲಂತೂ ಗ್ರಂಥಿ ದಾಟಿ ಲಿವರ್‌ನಲ್ಲೂ ಇಂಕು ಕಂಡಿದೆ, ಅಲ್ಲಿನ ಕುಪ್ಫರ್ ಕೋಶ ಅನ್ನೋ ಇನ್ನೊಂದು ಜಾತಿ ಮ್ಯಾಕ್ರೊಫೇಜ್ ಒಳಗೆ. ಅಲ್ಲಿಗೆ ಹೋಗ್ಬೇಕಾದ್ರೆ ರಕ್ತದ ದಾರಿಯಲ್ಲೇ ಹೋಗಿರ್ಬೇಕು.

ಇದೇ ಜರ್ಮನ್ ತಂಡದವರು 2019ರಲ್ಲಿ ಇನ್ನೊಂದು ಹೇಳಿದ್ರು, ನನಗೆ ಎಲ್ಲಕ್ಕಿಂತ ಅನಿರೀಕ್ಷಿತ ಅನ್ನಿಸಿದ್ದು ಇದು. ಬಿಳಿ ಬಣ್ಣಕ್ಕೆ, ಮತ್ತೆ ಬೇರೆ ಬಣ್ಣ ತಿಳಿ ಮಾಡೋಕೆ ಬಳಸೋ ಟೈಟೇನಿಯಂ ಡೈಆಕ್ಸೈಡ್ ತುಂಬ ಗಟ್ಟಿ ಪುಡಿ, ಅದು ಉಕ್ಕಿನ ಸೂಜಿಯನ್ನೇ ಉಜ್ಜಿ ಸವೆಸುತ್ತೆ. ಸವೆದ ಸೂಜಿಯ ಪುಡಿ, ನಿಕ್ಕಲ್ ಕ್ರೋಮಿಯಂ ಸಮೇತ, ಚರ್ಮಕ್ಕೂ ಗ್ರಂಥಿಗೂ ಹೋಗಿರೋದು ಸಿಕ್ತು. ಕಿವಿಗೆ ಅಗ್ಗದ ಓಲೆ ಹಾಕಿದ್ರೆ ಕೆರೆತ ಬರೋರಿಗೆ ನಿಕ್ಕಲ್ ಅಂದ್ರೆ ಏನು ಅಂತ ಗೊತ್ತಿರುತ್ತೆ. ಇಂಕ್ ಬಾಟಲಿ ಎಷ್ಟೇ ಶುದ್ಧ ಇರ್ಲಿ, ಸೂಜಿಯಿಂದಲೂ ಒಂದು ಪಾಲು ಸೇರುತ್ತೆ.

ಸರಿ, ಹೋಗಿ ಕೂತ್ಕೊಂಡ್ರೆ ಏನಾಗುತ್ತೆ? ಇಲ್ಲಿಂದ ನಾನು ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ಇಂಕು ಹೋಗುತ್ತೆ ಅನ್ನೋದು ಕಣ್ಣಿಗೆ ಕಂಡ ಸತ್ಯ, ಹೋಗಿದ್ರಿಂದ ಕಾಯಿಲೆ ಬರುತ್ತೆ ಅನ್ನೋದು ಇನ್ನೂ ಪೂರ್ತಿ ಸಾಬೀತಾಗದ ಮಾತು, ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಜನರನ್ನ ಹೆದರಿಸೋ ವಿಡಿಯೋಗಳು ಬೇಕಾದಷ್ಟಿವೆ.

2025ರಲ್ಲಿ ಸ್ವಿಟ್ಜರ್ಲೆಂಡಿನ ಬೆಲ್ಲಿಂಜೋನಾದ ತಂಡ ಒಂದು ಅಧ್ಯಯನ ಪ್ರಕಟಿಸ್ತು, ಮತ್ತೆ ಇಲಿಗಳೇ, ಕಪ್ಪು ಕೆಂಪು ಹಸಿರು ಮೂರು ಇಂಕು. ಚುಚ್ಚಿದ ಸ್ವಲ್ಪ ಹೊತ್ತಿಗೇ ಇಂಕು ಗ್ರಂಥಿಗೆ ಬಂತು, ಅಲ್ಲಿನ ಮ್ಯಾಕ್ರೊಫೇಜ್‌ಗಳು ನುಂಗಿದ್ವು, ನುಂಗಿದವು ಸಾಯೋಕೆ ಶುರುವಾದ್ವು, ಊತ ಎರಡು ತಿಂಗಳಾದ್ರೂ ಇಳಿದಿರ್ಲಿಲ್ಲ. ಆಮೇಲೆ ಅದೇ ಜಾಗಕ್ಕೆ ಲಸಿಕೆ ಕೊಟ್ಟು ನೋಡಿದ್ರು. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗೆ ಆಂಟಿಬಾಡಿ ಕಮ್ಮಿ ಬಂತು, ವೈರಸ್ ನಿಷ್ಕ್ರಿಯ ಮಾಡಿ ತಯಾರಿಸಿದ ಫ್ಲೂ ಲಸಿಕೆಗೆ ಜಾಸ್ತಿ ಬಂತು. ಒಂದಕ್ಕೆ ಹಂಗೆ ಒಂದಕ್ಕೆ ಹಿಂಗೆ. ಇದನ್ನ ಓದಿ ದಯವಿಟ್ಟು ಯಾರೂ ಲಸಿಕೆ ಬಿಡ್ಬೇಡಿ, ಮನುಷ್ಯರಲ್ಲಿ ಟ್ಯಾಟೂ ಇದ್ರೆ ಲಸಿಕೆ ಕೆಲಸ ಮಾಡಲ್ಲ ಅಂತ ಅದು ಹೇಳ್ತಿಲ್ಲ. ಆದ್ರೆ ರೋಗ ನಿರೋಧಕ ವ್ಯವಸ್ಥೆಯ ಒಂದು ಮುಖ್ಯ ಠಾಣೆಯಲ್ಲಿ ಇಂಕು ಸುಮ್ನೆ ಕೂತಿರಲ್ಲ, ಅಲ್ಲಿನ ಕೆಲಸದಲ್ಲಿ ಕೈ ಹಾಕುತ್ತೆ ಅನ್ನೋದಕ್ಕೆ ಇದು ಗಟ್ಟಿ ಸುಳಿವು. ತಂಗಿಗೆ ಹೇಳಿದ್ದು ಇಷ್ಟೇ, ಹಾಕಿಸ್ಕೊಂಡ್ರೆ ಆಮೇಲೆ ಇಂಜೆಕ್ಷನ್ ಏನಿದ್ರೂ ಇನ್ನೊಂದು ಕೈಗೆ ತಗೋ. ಇದು ನನ್ನ ಅಭಿಪ್ರಾಯ, ಯಾವ ನಿಯಮವೂ ಅಲ್ಲ.

ಇನ್ನು ಕ್ಯಾನ್ಸರ್. ಅವಳು ಮೊದಲು ಕೇಳಿದ್ದೂ ಇದನ್ನೇ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11,905 ಜನ ಇದ್ರು, 2007ರಿಂದ 2017ರ ನಡುವೆ ಲಿಂಫೋಮಾ (ಇದೇ ದುಗ್ಧರಸ ವ್ಯವಸ್ಥೆಗೆ ಬರೋ ಕ್ಯಾನ್ಸರ್) ಬಂದ 20ರಿಂದ 60 ವಯಸ್ಸಿನವರನ್ನ ಬರದವರ ಜೊತೆ ಹೋಲಿಸಿದ್ರು. ಟ್ಯಾಟೂ ಇದ್ದವರಲ್ಲಿ ಲಿಂಫೋಮಾ 21% ಹೆಚ್ಚು. ಪೇಪರಲ್ಲಿ ಬಂದಿದ್ದು ಇಷ್ಟೇ, ನೋಡಿದವರಿಗೆಲ್ಲ ಎದೆ ಝಲ್ ಅಂದಿರುತ್ತೆ. ಆದ್ರೆ ಆ 21% ಅನ್ನೋದು ನೂರಕ್ಕೆ ಇಪ್ಪತ್ತೊಂದು ಜನಕ್ಕೆ ಕ್ಯಾನ್ಸರ್ ಅಂತ ಅಲ್ಲ! ಲಿಂಫೋಮಾ ಅಪರೂಪದ ಕಾಯಿಲೆ, ಆ ಸಣ್ಣ ಸಂಖ್ಯೆ ನೂರಿದ್ದಲ್ಲಿ ನೂರಿಪ್ಪತ್ತೊಂದು ಅಂತ. ಅದೂ ಲೆಕ್ಕದ ಪ್ರಕಾರ ಆಕಸ್ಮಿಕ ಇರಬಹುದು ಅನ್ನೋ ಅಂಚಿನಲ್ಲೇ ನಿಂತಿತ್ತು. ಇನ್ನೊಂದು, ದೊಡ್ಡ ಟ್ಯಾಟೂ ಇದ್ದವರಿಗೆ ಅಪಾಯ ಜಾಸ್ತಿ ಇರ್ಬೇಕಿತ್ತು ತಾನೇ, ಇಂಕು ಜಾಸ್ತಿ ಅಲ್ವಾ, ಅದು ಕಾಣ್ಲಿಲ್ಲ.

ಆದ್ರೆ 2025ರಲ್ಲಿ ಡೆನ್ಮಾರ್ಕಿನ ಅವಳಿಜವಳಿಗಳ ಅಧ್ಯಯನ ಬಂತು, ಅದ್ರಲ್ಲಿ ಅಂಗೈಗಿಂತ ದೊಡ್ಡ ಟ್ಯಾಟೂ ಇದ್ದವರಲ್ಲಿ ಲಿಂಫೋಮಾ ಅಪಾಯ ಎರಡೂವರೆ ಪಟ್ಟಿಗಿಂತ ಹೆಚ್ಚು ಕಂಡಿದೆ, ಚರ್ಮದ ಕ್ಯಾನ್ಸರ್ ಕೂಡ ಜಾಸ್ತಿ. ಅವಳಿಗಳು ಅಂದ್ರೆ ವಂಶ, ಬೆಳೆದ ರೀತಿ ಹತ್ತತ್ರ ಒಂದೇ ಇರುತ್ತೆ, ಹಂಗಾಗಿ ಹೋಲಿಕೆಗೆ ಒಳ್ಳೇದು, ಆದ್ರೆ ಕಾಯಿಲೆ ಬಂದವರ ಸಂಖ್ಯೆ ಕಮ್ಮಿ. ಅದೇ ವರ್ಷ ಅಮೆರಿಕದ ಯೂಟಾದ ಅಧ್ಯಯನದಲ್ಲಿ ತುಂಬ ಸಲ ಟ್ಯಾಟೂ ಹಾಕಿಸ್ಕೊಂಡವರಲ್ಲಿ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಕಮ್ಮಿ ಕಂಡಿದೆ. ಒಂದು ಹೌದು ಅಂತ, ಒಂದು ಅಲ್ಲ ಅಂತ. ನಾನು ಇದನ್ನ ಓದ್ಕೊಂಡಿದ್ದು ಹೀಗೆ: ಟ್ಯಾಟೂ ಕ್ಯಾನ್ಸರ್ ತರುತ್ತೆ ಅಂತ ಹೇಳೋಕೆ ಆಗಲ್ಲ, ತರಲ್ಲ ಅಂತ ಹೇಳೋಕೂ ಆಗಲ್ಲ, ದೊಡ್ಡ ಟ್ಯಾಟೂ ಹಾಕಿಸ್ಬೇಕು ಅನ್ನೋರು ಆ ಎರಡನೇ ಮಾತನ್ನ ತಲೇಲಿ ಇಟ್ಕೊಂಡೇ ಹಾಕಿಸ್ಬೇಕು. ನನ್ನ ಗರಿ ಅಂಗೈಗಿಂತ ಚಿಕ್ಕದು. ಅವಳು ಹಾಕಿಸ್ಬೇಕು ಅಂತಿರೋದು ಅಂಗೈ ಥರದ್ದು ಎಂಟು ಹತ್ತು ಸೇರಿಸಿದಷ್ಟು.

ಕ್ಯಾನ್ಸರ್ ಬಿಟ್ಟು ಇನ್ನೊಂದು ತೊಂದರೆ ಇದೆ, ಇದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ, ನನಗೆ ಮಾತ್ರ ಇದೇ ಹೆಚ್ಚು ಮುಖ್ಯ ಅನ್ನಿಸ್ತು. ಇಂಕು ಕಾಯಿಲೆ ತರದೇ ಇದ್ರೂ ಕಾಯಿಲೆ ಥರ ಕಾಣುತ್ತೆ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ 30 ವರ್ಷದ ಒಬ್ಬ ಹೆಣ್ಣುಮಗಳಿಗೆ ಕಂಕುಳಲ್ಲಿ ಗಡ್ಡೆ ಬಂತು, ಸ್ಕ್ಯಾನ್ ನೋಡಿದ ಡಾಕ್ಟರುಗಳಿಗೆ ಲಿಂಫೋಮಾ ಅಂತಲೇ ಅನುಮಾನ. ಗ್ರಂಥಿ ತೆಗೆದು ಪರೀಕ್ಷೆ ಮಾಡಿದ್ರೆ ಒಳಗೆ ಕಪ್ಪು ಇಂಕು, ಟ್ಯಾಟೂ ಹಾಕಿಸಿ 15 ವರ್ಷ ಆಗಿತ್ತು. ಅದಕ್ಕೂ ಮುಂಚೆ 2015ರಲ್ಲಿ ಕ್ಯಾಲಿಫೋರ್ನಿಯಾದ್ದು ಒಂದು, ಗರ್ಭಕಂಠದ ಕ್ಯಾನ್ಸರ್ ಇದ್ದ ಒಬ್ಬರಿಗೆ ಪೆಟ್ ಸ್ಕ್ಯಾನ್‌ನಲ್ಲಿ ಗ್ರಂಥಿಗಳೂ ಮಿಂಚಿದ್ವು, ಕ್ಯಾನ್ಸರ್ ಹಬ್ಬಿದೆ ಅಂದ್ಕೊಂಡು ಆಪರೇಷನ್ ಮಾಡಿದ್ರೆ ಅದು ಕಾಲಿನ ಟ್ಯಾಟೂಗಳ ಇಂಕು. ಮೆಲನೋಮಾ ಆಪರೇಷನ್ ಮಾಡೋರು ಕಪ್ಪಾದ ಗ್ರಂಥಿ ಕಂಡ್ರೆ ರೋಗ ಅಲ್ಲಿವರೆಗೂ ಬಂದಿದೆ ಅಂತ ಅನುಮಾನ ಪಡ್ತಾರೆ, ಅಲ್ಲಿ ಟ್ಯಾಟೂ ಇಂಕು ಇದ್ರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಮ್ಯಾಮೋಗ್ರಾಂನಲ್ಲಿ (ಸ್ತನದ ಎಕ್ಸ್-ರೇ) ಕಂಕುಳ ಗ್ರಂಥಿಯೊಳಗಿನ ಇಂಕು ಸುಣ್ಣದ ಕಣ ಕಟ್ಟಿದ ಹಾಗೆ ಕಂಡಿದ್ದೂ ಇದೆ, ಅದನ್ನೂ ಕ್ಯಾನ್ಸರಿನ ಸುಳಿವು ಅಂದ್ಕೊಳ್ಳಬಹುದು. ಆ ಜಾಗದಲ್ಲಿ ಕೂತ ಆ ಹೆಣ್ಣುಮಕ್ಕಳು, ರಿಪೋರ್ಟ್ ಬರೋವರೆಗಿನ ಆ ದಿನಗಳು, ನೆನೆಸ್ಕೊಂಡ್ರೇ ಸಂಕಟ ಆಗುತ್ತೆ. ಟ್ಯಾಟೂ ಇದ್ರೆ ಎಂಆರ್‌ಐ ಸ್ಕ್ಯಾನ್‌ನಲ್ಲಿ ತೊಂದರೆ ಆಗುತ್ತೆ ಅಂತಾರಲ್ಲ, ಅದಕ್ಕೆ ಹೆಚ್ಚು ಹೆದರೋದು ಬೇಡ, 330 ಜನರ ಮೇಲೆ ನೋಡಿದಾಗ ಟ್ಯಾಟೂವಿಂದ ತೊಂದರೆ ಆಗಿದ್ದು ಒಬ್ಬರಿಗೆ, ಅದೂ ಸಣ್ಣ ಜುಮುಜುಮು.

ಬಣ್ಣದ ಬಗ್ಗೆ. ಅಲರ್ಜಿಗೆ ಕುಖ್ಯಾತ ಅಂದ್ರೆ ಕೆಂಪು, ಮೊದಲು ಪಾದರಸದ ಸಂಯುಕ್ತ ಹಾಕ್ತಾ ಇದ್ರು, ಈಗ ಬಹಳಷ್ಟು ಅಜೋ ಅನ್ನೋ ಜಾತಿಯ ಕೃತಕ ಬಣ್ಣಗಳು. ನನ್ನ ಜೊತೆ ಕೆಲಸ ಮಾಡೋ ಒಬ್ಬರ ಭುಜದ ಮೇಲೆ ಹೂವಿದೆ, ಎಲೆ ಕಾಂಡ ಎಲ್ಲ ಸರಿ ಇದೆ, ಕೆಂಪು ದಳ ಮಾತ್ರ ಬಿಸಿಲಿಗೆ ಹೋದ್ರೆ ಉಬ್ಬಿಕೊಂಡು ಕೆರೆಯುತ್ತೆ, ಮುಟ್ಟಿದ್ರೆ ಬೆರಳಿಗೇ ಗೊತ್ತಾಗುತ್ತೆ. ಕಪ್ಪು ಅಂದ್ರೆ ಮಸಿ, ಕಾರ್ಬನ್ ಬ್ಲ್ಯಾಕ್, ಅದ್ರ ಜೊತೆ ಅರೆಬರೆ ಉರಿದಾಗ ಹುಟ್ಟೋ ಪಿಎಎಚ್ ಅನ್ನೋ ರಾಸಾಯನಿಕಗಳು ಬರಬಹುದು, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರ್ತವೆ ಅಂತ ಗೊತ್ತಿರೋವೇ. ಬಾಟಲಿ ಮೇಲಿನ ಚೀಟಿ ನಂಬೋಣ ಅಂದ್ರೆ, 2024ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 54 ಇಂಕು ಪರೀಕ್ಷೆ ಮಾಡಿದ್ರೆ 45ರಲ್ಲಿ ಚೀಟಿಯಲ್ಲಿ ಬರೆದಿರದ ಏನಾದ್ರೂ ಒಂದು ಇತ್ತು. ಮುಖಕ್ಕೆ ಹಚ್ಚೋ ಕ್ರೀಮಿನ ಡಬ್ಬಿ ತಿರುಗಿಸಿ ಸಣ್ಣಕ್ಷರ ಎಲ್ಲ ಓದೋಳು ನಾನು, ಅದು ಮೇಲೆ ಹಚ್ಚಿ ಸಂಜೆ ತೊಳ್ಕೊಳ್ಳೋದು. ಜೀವನಪೂರ್ತಿ ಒಳಗಿರೋ ಇಂಕಿನ ಬಾಟಲಿ ಕಡೆ ಮಾತ್ರ 2014ರಲ್ಲಿ ಕಣ್ಣೆತ್ತಿಯೂ ನೋಡಿಲ್ಲ.

ಇದ್ರಲ್ಲಿ ಯುರೋಪ್ ಮುಂದೆ ಇದೆ. 2022ರ ಜನವರಿ 4ರಿಂದ ಅಲ್ಲಿ ಟ್ಯಾಟೂ ಇಂಕಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿಗೆ ನಿಷೇಧ ಅಥವಾ ಮಿತಿ ಹಾಕಿದ್ದಾರೆ. ಪಿಗ್ಮೆಂಟ್ ಬ್ಲೂ 15:3 ಮತ್ತೆ ಪಿಗ್ಮೆಂಟ್ ಗ್ರೀನ್ 7 ಅನ್ನೋ ಎರಡು ಬಣ್ಣಕ್ಕೆ ಬದಲಿ ಸಿಗಲ್ಲ ಅಂತ ಒಂದು ವರ್ಷ ಹೆಚ್ಚು ಟೈಮ್ ಕೊಟ್ಟು 2023ರ ಜನವರಿಯಿಂದ ಅದನ್ನೂ ಸೇರಿಸಿದ್ರು. ಅಮೆರಿಕದಲ್ಲಿ ಆಹಾರ, ಔಷಧಗಳನ್ನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಅಂತೂ ಚರ್ಮದೊಳಗೆ ಚುಚ್ಚೋಕೆ ಅಂತ ಯಾವ ಬಣ್ಣಕ್ಕೂ ಒಪ್ಪಿಗೆ ಕೊಟ್ಟಿಲ್ಲ.

ಸೋಂಕಿನ ಬಗ್ಗೆ ಎಲ್ಲರಿಗೂ ಗೊತ್ತಿದೆ, ಹೊಸ ಸೂಜಿ ಕೇಳ್ಬೇಕು ಅಂತ. ಒಂದೇ ಒಂದು ಸೇರಿಸ್ತೀನಿ, ಇಂಕು ತೆಳು ಮಾಡೋಕೆ ನಲ್ಲಿ ನೀರು ಹಾಕೋಕೆ ಬಿಡ್ಬೇಡಿ, ಮತ್ತೆ ಸೀಲ್ ಒಡೆಯದ ಬಾಟಲಿಗಳಲ್ಲೂ ಬ್ಯಾಕ್ಟೀರಿಯಾ ಸಿಕ್ಕಿದೆ.

ಈಗ ನನ್ನ ವಿಷಯ. ಈ ಮಬ್ಬಾದ ಗರಿ ನೋಡಿ ನೋಡಿ ಬೇಜಾರಾಗಿ, ಲೇಸರ್‌ನಲ್ಲಿ ತೆಗೆಸೋಣ ಅಂತ ಎರಡು ತಿಂಗಳಿಂದ ಅಂದ್ಕೊಳ್ತಾ ಇದ್ದೆ, ಫೋನ್ ಮಾಡಿ ವಿಚಾರಿಸಿದ್ದೂ ಆಗಿತ್ತು. ತೆಗೆಯೋದು ಅಂದ್ರೆ ಇಂಕನ್ನ ಹೊರಗೆ ತೆಗೀತಾರೆ ಅಂತಲೇ ನನ್ನ ತಲೇಲಿ ಇದ್ದಿದ್ದು. ಹಂಗಲ್ಲ. ಲೇಸರ್ ಮಾಡೋದು ಇಷ್ಟೇ, ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವು ಭಾಗದಷ್ಟು, ಇಲ್ಲಾ ಅದಕ್ಕಿಂತಲೂ ಕಮ್ಮಿ ಹೊತ್ತಿನ ಬೆಳಕಿನ ಹೊಡೆತದಿಂದ ಕಣಗಳನ್ನ ಪುಡಿ ಮಾಡುತ್ತೆ, ಅದನ್ನ ಹಿಡ್ಕೊಂಡಿದ್ದ ಕೋಶಗಳು ಒಡೀತವೆ, ಪುಡಿಯಾಗಿದ್ದನ್ನ ಸಾಗಿಸೋ ಕೆಲಸ ಮತ್ತೆ ನಮ್ಮ ದೇಹದ್ದೇ. ಒಂದಷ್ಟು ಹಕ್ಕಳೆ ಜೊತೆ ಉದುರಬಹುದು, ಉಳಿದದ್ದು ಅದೇ ದಾರಿ, ಅದೇ ಕಂಕುಳು. ಹನ್ನೊಂದು ವರ್ಷದಲ್ಲಿ ನಿಧಾನಕ್ಕೆ ಆಗಿದ್ದನ್ನ ಕೆಲವು ಸಿಟ್ಟಿಂಗ್‌ನಲ್ಲಿ ಬೇಗ ಮಾಡಿಸ್ದಂಗೆ. ಬಣ್ಣದ್ದಾದ್ರೆ ಇನ್ನೊಂದು ತಾಪತ್ರಯ, ಕೆಲವು ಬಣ್ಣ ಲೇಸರ್‌ಗೆ ಒಡೆದು ಬೇರೆ ರಾಸಾಯನಿಕ ಆಗ್ತವೆ. 2015ರಲ್ಲಿ ಪ್ರಯೋಗಾಲಯದಲ್ಲಿ ನೀಲಿ ಥಾಲೋಸಯನೈನ್ ಬಣ್ಣಕ್ಕೆ ರೂಬಿ ಲೇಸರ್ ಹೊಡೆದು ನೋಡಿದಾಗ ಬೆಂಜೀನ್, ಹೈಡ್ರೋಜನ್ ಸಯನೈಡ್ ಹುಟ್ಟಿದ್ವು. ಅಜೋ ಬಣ್ಣಗಳು ಬಿಸಿಲಿಗೂ ಲೇಸರ್‌ಗೂ ಒಡೆದು ಆರೊಮ್ಯಾಟಿಕ್ ಅಮೈನ್ ಆಗಬಹುದು, ಅವುಗಳಲ್ಲಿ ಕೆಲವು ಒಳ್ಳೇವಲ್ಲ. ಅಲರ್ಜಿಯಿಂದ ಒದ್ದಾಡೋರು, ಆ ಗುರುತು ಮೈಮೇಲೆ ಇದ್ರೆ ಬದುಕೋದೇ ಕಷ್ಟ ಅನ್ನೋರು ತೆಗೆಸ್ಲಿ, ಡಾಕ್ಟರ್ ಹತ್ರ ಕೇಳಿ ತೆಗೆಸ್ಲಿ. ನನಗೆ ಬೇಕಾಗಿದ್ದು ಅಂದ ಮಾತ್ರ. ಬೇಡ ಅಂತ ಬಿಟ್ಟೆ. ಅದು ಮುಂಗೈಯಲ್ಲೇ ಇರ್ಲಿ, ಅಲ್ಲಿದ್ರೆ ಕಣ್ಣಿಗಾದ್ರೂ ಕಾಣ್ತಾ ಇರುತ್ತೆ.

ಮಾಡಿದ್ದು ಒಂದು ಕೆಲಸ. ನನ್ನ ಮೆಡಿಕಲ್ ಫೈಲಿನ ಮೊದಲ ಹಾಳೆಯಲ್ಲಿ ರಕ್ತದ ಗುಂಪು, ಪೆನ್ಸಿಲಿನ್ ಅಲರ್ಜಿ ಅಂತ ಇದ್ದ ಕಡೆ ಕೆಳಗೆ "ಬಲ ಮುಂಗೈ, ಕಪ್ಪು ಟ್ಯಾಟೂ, 2014" ಅಂತ ಬರೆದೆ. ಮುಂದಿನ ತಿಂಗಳು ಮ್ಯಾಮೋಗ್ರಾಂ ಇದೆ, ಅಲ್ಲೂ ಬಾಯಿಬಿಟ್ಟು ಹೇಳ್ತೀನಿ. ನಿಮಗೂ ಇದ್ರೆ ಹೇಳಿ, ತೋಳು ಪೂರ್ತಿ ಇರೋ ಅಂಗಿ ಹಾಕ್ಕೊಂಡು ಹೋದ್ರೆ ಅವರಿಗೆ ಹೆಂಗೆ ಗೊತ್ತಾಗ್ಬೇಕು.

ತಂಗಿಗೆ ಹಾಕಿಸ್ಕೋಬೇಡ ಅಂತ ನಾನು ಹೇಳಿಲ್ಲ, ಹಾಕಿಸ್ಕೊಂಡಿರೋಳು ನಾನು ಯಾವ ಬಾಯಲ್ಲಿ ಹೇಳ್ಲಿ. ಇಂಕಿನ ಬಾಟಲಿಯ ಚೀಟಿ ಫೋಟೋ ತೆಗೆದು ಕಳಿಸೋಕೆ ಟ್ಯಾಟೂ ಹಾಕೋರನ್ನ ಕೇಳು, ಅದನ್ನ ನೋಡಿ ಆಮೇಲೆ ದಿನ ಗೊತ್ತು ಮಾಡು ಅಂದೆ. ಅವರು ಬೇಜಾರಿಲ್ಲದೆ ಎಲ್ಲ ಬಣ್ಣದ್ದೂ ಕಳಿಸಿದ್ರು. ಇವತ್ತು ಮಧ್ಯಾಹ್ನ ಅದ್ರಲ್ಲಿ ಒಂದನ್ನ ದೊಡ್ಡದು ಮಾಡಿ, ಒಂದು ಸಾಲಿಗೆ ಕೆಂಪು ಗೆರೆ ಎಳೆದು ನನಗೆ ಕಳಿಸಿದ್ದಾಳೆ. ಪಿಗ್ಮೆಂಟ್ ಬ್ಲೂ 15:3. ಕೆಳಗೆ, "ಅಕ್ಕ, ನೀನು ಹೇಳಿದ್ದು ಇದೇ ಅಲ್ವಾ? ಶುಕ್ರವಾರದ್ದು ಸದ್ಯಕ್ಕೆ ಬೇಡ ಅಂತ ಹೇಳಿದೀನಿ."